ಮುಖ ಬದಲಿಸಿದ ವಾಚುಗಳು

‘ಮುಂಬಯಿ ಸ್ಪೆಷಲ್’ ಎಂದ ಕೂಡಲೇ ನಮ್ಮಂಥ ಮುಂಬಯಿ ಕನ್ನಡಿಗರಿಗೆ ನೆನಪಾಗುವುದು ವಡಾಪಾವ್, ಭೇಲ್, ಕಟಿಂಗ್ ಚಹಾ. ಆದರೆ ಹಳೆಯ ಕೈಗಡಿಯಾರಗಳನ್ನು ಸಂಗ್ರಹಿಸುವವರ ಬಾಯಲ್ಲಿ ಅದೊಂದು ಬೈಗುಳ. ಹಳೆಯ ಸ್ವಿಸ್ ಅಥವಾ ಜಪಾನಿ ವಾಚಿನ ಡಯಲನ್ನು ಕೆರೆದು, ಕಡುಗಿತ್ತಳೆಯೋ ಗಿಳಿಹಸಿರೋ ಬಣ್ಣ ಕೊಟ್ಟು, ಅದರ ಮೇಲೆ ಕಂಪನಿಯ ಹೆಸರನ್ನು ಹೊಸದಾಗಿ ಒತ್ತಿ, ಕೇಸಿಗೆ ಕನ್ನಡಿಯ ಹಾಗೆ ಪಾಲಿಶ್ ಮಾಡಿ ಮಾರುವ ವಾಚಿಗೆ ಅವರಿಟ್ಟ ಹೆಸರು ಅದು. ಅಂಥ ವಾಚು ಕಂಡರೆ ಅವರು ದೂರ ಸರಿಯುತ್ತಾರೆ. ನಮ್ಮ ಎಚ್‌ಎಂಟಿ ವಾಚುಗಳಿಗೂ ಇದೇ ಗತಿ ಬಂದಿದೆ.

ಈ ಬೈಗುಳದ ಹಿಂದೆ ದೊಡ್ಡ ಚರಿತ್ರೆಯಿದೆ. ರಜಾ ದಿನಗಳಲ್ಲಿ ಹಳೆ ವಾಚು ಬಿಚ್ಚಿ ಜೋಡಿಸುವ, ಹಳೆ ಮಾದರಿಯ ಹೊಸ ವಾಚು ಕಟ್ಟುವ ಹವ್ಯಾಸ ನನಗಿದೆ. ಹಾಗಾಗಿ ಅಸಲಿ ಎಂದರೇನು, ನಕಲಿ ಎಂದರೇನು ಎಂಬ ಪ್ರಶ್ನೆ ಮೇಜಿನ ಮೇಲೆ ಸದಾ ಇದ್ದೇ ಇರುತ್ತದೆ. ಓದುತ್ತಾ ಹೋದಂತೆ ತಿಳಿದದ್ದು ಇಷ್ಟು: ಈ ಪ್ರಶ್ನೆಗೆ ವಾಚಿನ ಲೋಕ ಕಾಲಕ್ಕೆ ತಕ್ಕಂತೆ ಬೇರೆ ಬೇರೆ ಉತ್ತರ ಕೊಟ್ಟಿದೆ.

ಮೊದಲು ಕೆಲಸದ ಬಗೆ ನೋಡೋಣ. ಕೀ ಕೊಡುವ ವಾಚಿನಲ್ಲಿ ಮುಖ್ಯವಾಗಿ ಎರಡು ಭಾಗ. ಒಂದು ಒಳಗಿನ ಯಂತ್ರ, ರಿಪೇರಿಯವರ ಮಾತಿನಲ್ಲಿ ‘ಮಶೀನು’. ಇನ್ನೊಂದು ಅದರ ಮೇಲೆ ಕೂತ ಡಯಲ್. ಡಯಲ್ ಎಂದರೆ ಬಹುಪಾಲು ಒಂದು ತೆಳು ಹಿತ್ತಾಳೆ ಬಿಲ್ಲೆ. ಹಿಂಬದಿಯಲ್ಲಿ ಅದಕ್ಕೆ ಎರಡು ಪುಟ್ಟ ಕಾಲುಗಳು. ಆ ಕಾಲುಗಳು ಮಶೀನಿನ ತೂತುಗಳಲ್ಲಿ ಇಳಿಯುತ್ತವೆ, ಪಕ್ಕದಿಂದ ಸ್ಕ್ರೂ ಬಿಗಿದರೆ ಅಲುಗಾಡುವುದಿಲ್ಲ. ಸ್ಕ್ರೂ ಸಡಿಲಿಸಿ, ಮುಳ್ಳುಗಳನ್ನು ಕಿತ್ತರೆ ಡಯಲ್ ಕೈಗೆ ಬರುತ್ತದೆ.

ಅಕ್ಷರ ಒತ್ತುವ ವಿಧಾನವೂ ಸರಳ. ಲೋಹದ ಫಲಕದಲ್ಲಿ ಅಕ್ಷರಗಳನ್ನು ತೆಳುವಾಗಿ ಕೊರೆದು, ಆ ಹಳ್ಳಗಳಿಗೆ ಶಾಯಿ ತುಂಬಿ, ಮೇಲೆ ಉಳಿದದ್ದನ್ನು ಒರೆಸುತ್ತಾರೆ. ಮೆತ್ತಗಿನ ಪ್ಯಾಡನ್ನು ಅದರ ಮೇಲೆ ಒತ್ತಿದರೆ ಶಾಯಿ ಪ್ಯಾಡಿಗೆ ಅಂಟುತ್ತದೆ. ಅದೇ ಪ್ಯಾಡನ್ನು ಡಯಲಿನ ಮೇಲೆ ಒತ್ತಿದರೆ ಹೆಸರು ಮೂಡುತ್ತದೆ. ಹಿಂದೆ ಈ ಪ್ಯಾಡು ಜೆಲಾಟಿನ್‌ನದು, ಈಗ ಸಿಲಿಕೋನಿನದು. ಕಾರ್ಖಾನೆಯಲ್ಲೂ ಗಲ್ಲಿಯ ಕೋಣೆಯಲ್ಲೂ ತತ್ತ್ವ ಒಂದೇ. ವ್ಯತ್ಯಾಸ ಇರುವುದು ಫಲಕದ ನಯದಲ್ಲಿ. ಆದ್ದರಿಂದಲೇ ಮರುಬಣ್ಣದ ಡಯಲನ್ನು ಐ ಗ್ಲಾಸ್ ಹಚ್ಚಿ ನೋಡಿದರೆ ಸಿಕ್ಕಿಬೀಳುತ್ತದೆ. ಅಕ್ಷರ ದಪ್ಪ, ಅಂಚು ಒರಟು, ನಿಮಿಷದ ಗೆರೆಗಳು ಗಂಟೆಯ ಪಟ್ಟಿಗಳಿಗೆ ಸರಿಯಾಗಿ ಕೂತಿರುವುದಿಲ್ಲ. ಕೆಲವೊಮ್ಮೆ ಕಂಪನಿಯ ಹೆಸರಿನ ಕಾಗುಣಿತವೇ ತಪ್ಪು.

ಇದನ್ನು ಮೋಸ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವ ಮುಂಚೆ ಇದು ಹುಟ್ಟಿದ ಕಾಲವನ್ನು ನೆನೆಯಬೇಕು. ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ವಿದೇಶಿ ವಾಚು ತರಿಸುವುದು ಸುಲಭವಿರಲಿಲ್ಲ. ಬೇಡಿಕೆ ಮಾತ್ರ ಇತ್ತು. ಫಾವ್ರ್ ಲೂಬಾ, ವೆಸ್ಟ್ ಎಂಡ್‌ನಂಥ ಹೆಸರುಗಳು 19ನೆಯ ಶತಮಾನದಲ್ಲೇ ಬೊಂಬಾಯಿಯ ಮೂಲಕ ಈ ದೇಶಕ್ಕೆ ಬಂದು ಮನೆಮಾತಾಗಿದ್ದವು. ಹೀಗಾಗಿ ವಾಚು ಕಳ್ಳಸಾಗಣೆಯ ಮುಖ್ಯ ಮಾಲಾಯಿತು. 1962ರ ಕಸ್ಟಮ್ಸ್ ಕಾಯ್ದೆಯ 123ನೆಯ ಕಲಮಿನಲ್ಲಿ ಚಿನ್ನದ ಜೊತೆಗೆ ವಾಚಿನ ಹೆಸರೂ ಇದೆ. ಕಳ್ಳಸಾಗಣೆಯದೆಂಬ ಸಕಾರಣ ಅನುಮಾನದ ಮೇಲೆ ವಾಚು ಜಪ್ತಿಯಾದರೆ, ಹಾಗಲ್ಲ ಎಂದು ತೋರಿಸುವ ಹೊಣೆ ಅದನ್ನು ಇಟ್ಟುಕೊಂಡವನದೇ. ಒಂದು ವಾಚು ಆಗ ಎಷ್ಟು ದೊಡ್ಡ ವಸ್ತುವಾಗಿತ್ತು ಎಂಬುದಕ್ಕೆ ಈ ಒಂದು ಕಲಮು ಸಾಕು.

ಅಂಥ ವಸ್ತುವನ್ನು ಯಾರೂ ಎಸೆಯುತ್ತಿರಲಿಲ್ಲ. ತಂದೆಯಿಂದ ಮಗನಿಗೆ, ಅಣ್ಣನಿಂದ ತಮ್ಮನಿಗೆ ದಾಟುತ್ತಿತ್ತು. ಬೆವರು, ಮಳೆಗಾಲದ ತೇವ, ಕಡಲ ಗಾಳಿ ಸೇರಿ ಡಯಲಿನ ಮೇಲೆ ಕಂದು ಕಲೆಗಳು ಮೂಡುತ್ತಿದ್ದವು. ಮದುವೆಗೋ ನೌಕರಿಯ ಸಂದರ್ಶನಕ್ಕೋ ಹೊರಟವನಿಗೆ ಕಲೆ ಬಿದ್ದ ವಾಚು ಕಟ್ಟಿಕೊಳ್ಳಲು ಮುಜುಗರ. ರಿಪೇರಿಯವನು ಮಶೀನನ್ನು ಪೆಟ್ರೋಲಿನಲ್ಲಿ ತೊಳೆದು, ಎಣ್ಣೆ ಬಿಟ್ಟು, ಡಯಲನ್ನು ಹೊಸದು ಮಾಡಿಸಿ ಕೊಡುತ್ತಿದ್ದ. ನಮ್ಮ ಮನೆಗಳ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿದ ಹಾಗೆ. ಕಲಾಯಿ ಹಾಕಿದ್ದಕ್ಕೆ ಪಾತ್ರೆ ನಕಲಿಯಾಯಿತೆಂದು ಯಾರೂ ಹೇಳಲಿಲ್ಲ. ವಾಚು ಉಪಯೋಗದ ವಸ್ತುವಾಗಿದ್ದ ತನಕ ಡಯಲಿನ ಮರುಬಣ್ಣ ಬರೀ ರಿಪೇರಿಯಾಗಿತ್ತು.

ಹಾಗೆ ನೋಡಿದರೆ ನಮ್ಮ ಹೆಮ್ಮೆಯ ಎಚ್‌ಎಂಟಿ ವಾಚೂ ಮೂಲದಲ್ಲಿ ಒಂದು ಪ್ರತಿಯೇ. 1953ರಲ್ಲಿ ಬೆಂಗಳೂರಿನಲ್ಲಿ ಯಂತ್ರೋಪಕರಣಗಳಿಗಾಗಿ ಶುರುವಾದ ಹಿಂದೂಸ್ತಾನ್ ಮಶೀನ್ ಟೂಲ್ಸ್, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರಕ್ಕೆ ಕೈಹಾಕಿತು. ಮೊದಲ ವಾಚುಗಳನ್ನು ಪ್ರಧಾನಿ ನೆಹರೂ ಬಿಡುಗಡೆ ಮಾಡಿದರು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾ ವಾಚಿನ ಡಯಲಿನಲ್ಲಿ ಇರುವ ‘ಪ್ಯಾರಾಶಾಕ್’ ಎಂಬ ಪದ ಗಮನಿಸಿದ್ದೀರಾ? ಬ್ಯಾಲೆನ್ಸ್ ಚಕ್ರದ ಸೂಜಿಮೊನೆಯಂಥ ತುದಿಗಳು ಪೆಟ್ಟಿಗೆ ಮುರಿಯದಂತೆ ಕಾಪಾಡುವ ಸ್ಪ್ರಿಂಗ್ ವ್ಯವಸ್ಥೆಗೆ ಸಿಟಿಜನ್ ಇಟ್ಟಿದ್ದ ಹೆಸರು ಅದು. ಬೆಂಗಳೂರಿನ ವಾಚು ತನ್ನ ಜಪಾನಿ ಕುಲವನ್ನು ಮುಖದ ಮೇಲೆಯೇ ಬರೆದುಕೊಂಡಿತ್ತು. ಪ್ರತಿ ಹೌದು, ಆದರೆ ಒಪ್ಪಂದ ಮಾಡಿಕೊಂಡು, ತನ್ನದೇ ಹೆಸರು ಹಾಕಿಕೊಂಡು ಮಾಡಿದ ಪ್ರತಿ.

ಹೆಸರಿನ ಮಾತು ಬಂದಾಗ ಇನ್ನೊಂದು ಸ್ವಾರಸ್ಯ. 1918ರಲ್ಲಿ ಟೋಕಿಯೊದಲ್ಲಿ ಒಂದು ಸಂಶೋಧನಾ ಸಂಸ್ಥೆಯಾಗಿ ಹುಟ್ಟಿದ ಕಂಪನಿ 1924ರಲ್ಲಿ ತನ್ನ ಮೊದಲ ಜೇಬುಗಡಿಯಾರ ಹೊರತಂದಾಗ ಅದಕ್ಕೆ ‘ಸಿಟಿಜನ್’ ಎಂಬ ಹೆಸರು ಬಂತು, ಊರಿನ ನಾಗರಿಕರೆಲ್ಲರ ಕೈಗೆ ಸಿಗಲಿ ಎಂಬ ಆಶಯದಿಂದ. ಅದರ ವಂಶದ ಭಾರತೀಯ ವಾಚಿನ ಹೆಸರು ‘ಜನತಾ’. ಇವೆರಡಕ್ಕೂ ಹಿಂದೆ, 1867ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಜಾರ್ಜ್ ಫ್ರೆಡ್ರಿಕ್ ರಾಸ್ಕೋಫ್ ಎಂಬಾತ 20 ಫ್ರಾಂಕಿಗೆ ಸಿಗುವ ವಾಚು ಮಾಡಿದ್ದ. ಅದರಲ್ಲಿ ಇದ್ದದ್ದು ಬರೀ 57 ಬಿಡಿಭಾಗಗಳು. ಅದಕ್ಕೆ ಅವನಿಟ್ಟ ಹೆಸರು ‘ಪ್ರೊಲೆಟೇರ್’, ಅಂದರೆ ದುಡಿಯುವವನು. ನಾಗರಿಕ, ಜನತೆ, ಕಾರ್ಮಿಕ! ಬೇರೆ ಬೇರೆ ದೇಶ, ಬೇರೆ ಬೇರೆ ಕಾಲ, ಮಾತು ಒಂದೇ: ಸಮಯ ಶ್ರೀಮಂತರ ಜೇಬಿನಲ್ಲಷ್ಟೇ ಇರಬಾರದು.

ರಾಸ್ಕೋಫನ ಗತಿ ಏನಾಯಿತೆಂದರೆ, ವಾಚು ಗೆದ್ದಿತು, ಕೂಡಲೇ ನಕಲುಗಳ ಮಳೆ ಸುರಿಯಿತು. ಸ್ವಿಟ್ಜರ್ಲೆಂಡಿನಲ್ಲಿ ಪೇಟೆಂಟ್ ಕಾನೂನು ಬಂದದ್ದೇ 1888ರಲ್ಲಿ. ಅವನ ಹೆಸರಿಗೆ ಒಂದು ‘ಎಸ್’ ಹೆಚ್ಚಿಗೆ ಸೇರಿಸಿ ವಾಚು ಮಾರಿದವರಿದ್ದರು. ಅದಕ್ಕೂ ಹಿಂದೆ, 18ನೆಯ ಶತಮಾನದಲ್ಲಿ ಲಂಡನ್ನಿನ ವಾಚುಗಳಿಗೆ ಒಳ್ಳೆಯ ಹೆಸರಿದ್ದಾಗ, ಯೂರೋಪಿನ ಬೇರೆ ಕಡೆ ಮಾಡಿದ ಅಗ್ಗದ ವಾಚುಗಳ ಮೇಲೆ ‘ಟಾರ್ಟ್ಸ್, ಲಂಡನ್’ ಎಂಬಂಥ ಸಹಿ ಕೆತ್ತಿ ಮಾರುತ್ತಿದ್ದರು. ಇಂದು ನಕಲಿ ವಾಚಿನ ವಿರುದ್ಧ ದೊಡ್ಡ ದನಿ ಎತ್ತುವ ಸ್ವಿಸ್ ಉದ್ಯಮದ ಹಳೆ ಪುಟಗಳಲ್ಲೂ ಇಂಥ ಕಥೆಗಳು ಬೇಕಾದಷ್ಟಿವೆ. ವಾಚು ಸಾಮಾನ್ಯ ಜನರ ಕೈಗೆ ತಲುಪಿದ ದಾರಿಯಲ್ಲಿ ಪ್ರತಿ ಮಾಡಿದವರ ಹೆಜ್ಜೆಗಳೂ ಇವೆ, ಸುಳ್ಳು ಸಹಿ ಹಾಕಿದವರ ಹೆಜ್ಜೆಗಳೂ ಇವೆ. ಇವೆರಡನ್ನೂ ಬೇರೆ ಮಾಡಿ ನೋಡುವುದೇ ಈ ಚರಿತ್ರೆ ಕಲಿಸುವ ಪಾಠ.

ಲೆಕ್ಕ ತಲೆಕೆಳಗಾದದ್ದು ಕ್ವಾರ್ಟ್ಜ್ ಬಂದ ಮೇಲೆ. 1969ರ ಡಿಸೆಂಬರ್ 25ರಂದು ಸೈಕೊ ಕಂಪನಿ ‘ಆಸ್ಟ್ರಾನ್’ ಎಂಬ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ಬಿಟ್ಟಿತು. ಕೀ ಕೊಡುವ ತಾಪತ್ರಯವಿಲ್ಲ, ಸಮಯವೂ ಹೆಚ್ಚು ನಿಖರ. ನಮ್ಮಲ್ಲಿ 1984ರಲ್ಲಿ ಸ್ಥಾಪನೆಯಾದ ಟೈಟನ್ ಹೊಸೂರಿನಿಂದ ಕ್ವಾರ್ಟ್ಜ್ ಅಲೆಯನ್ನು ಮನೆಮನೆಗೆ ತಂದಿತು. ಆಮೇಲೆ ಮೊಬೈಲ್ ಬಂತು. ಸಮಯ ನೋಡಲು ಕೀ ಕೊಡುವ ವಾಚು ಯಾರಿಗೂ ಬೇಡವಾಯಿತು. ಬೇಡವಾದ ಮೇಲೆ ಅದು ನೆನಪಿನ ವಸ್ತುವಾಯಿತು. ನೆನಪಿನ ವಸ್ತುವಿಗೆ ಬೆಲೆ ಕಟ್ಟುವ ರೀತಿಯೇ ಬೇರೆ.

ಎಷ್ಟು ಬೇರೆ ಎಂದರೆ, 2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ನಟ ಪಾಲ್ ನ್ಯೂಮನ್ ಧರಿಸುತ್ತಿದ್ದ ರೋಲೆಕ್ಸ್ ಡೇಟೋನಾ 1 ಕೋಟಿ 77 ಲಕ್ಷ ಡಾಲರಿಗೂ ಮಿಕ್ಕಿ ಬೆಲೆಗೆ ಹೋಯಿತು. ಆ ಮಾದರಿಯ ವಿಶೇಷ ಇರುವುದು ಅದರ ಡಯಲಿನಲ್ಲಿ. ಹೊಸದಾಗಿದ್ದಾಗ ಆ ವಿಚಿತ್ರ ಡಯಲನ್ನು ಕೊಳ್ಳುವವರು ಕಡಿಮೆಯಿದ್ದರು. ಅದೇ ಡಯಲ್ ಈಗ ಬೆಲೆಯ ಬಹುಪಾಲು. ಈ ಹೊಸ ಲೆಕ್ಕದಲ್ಲಿ ಕಲೆ ಬಿದ್ದ, ಬಿಸಿಲಿಗೆ ಬಣ್ಣ ಮಾಸಿದ ಅಸಲಿ ಡಯಲಿಗೆ ಮರ್ಯಾದೆ. ಚೊಕ್ಕಟವಾಗಿ ಮರುಬಣ್ಣ ಮಾಡಿದ್ದಕ್ಕೆ ಬೈಗುಳ.

ಇಲ್ಲಿಂದ ಒಂದು ತಮಾಷೆ ಶುರುವಾಗುತ್ತದೆ. ಗಲ್ಲಿಯ ಕಸುಬುದಾರ ಹಳೆಯದನ್ನು ಹೊಸದು ಮಾಡಲು ಹೆಣಗುತ್ತಿದ್ದರೆ, ನನ್ನಂಥ ಹವ್ಯಾಸಿ ಹೊಸದನ್ನು ಹಳೆಯದು ಮಾಡಲು ಹೆಣಗುತ್ತಾನೆ! 1950ರ ದಶಕದ ಮುಳುಗುಗಾರರ ವಾಚಿನ ಮಾದರಿಯಲ್ಲಿ ಹೊಸ ಕೇಸು ತರಿಸುತ್ತೇವೆ. ಒಳಗೆ ಸೈಕೊ ಸಮೂಹದ ಎನ್‌ಎಚ್35 ಮಶೀನು ಕೂರಿಸುತ್ತೇವೆ. ಜನತಾ ವಾಚಿನ ಮಶೀನು ಸೆಕೆಂಡಿಗೆ 5 ಬಾರಿ ಟಿಕ್ ಎಂದರೆ ಇದು 6 ಬಾರಿ ಅನ್ನುತ್ತದೆ. ಕತ್ತಲಲ್ಲಿ ಹೊಳೆಯುವ ಬಣ್ಣವನ್ನು ಬಿಳಿಯ ಬದಲು ಕೆನೆಬಣ್ಣದಲ್ಲಿ ಹಚ್ಚುತ್ತೇವೆ, ದಶಕಗಳ ಹಿಂದಿನದೆಂದು ಕಾಣಲಿ ಎಂದು. ಅಲ್ಯೂಮಿನಿಯಂ ಬೆಜೆಲ್ ಪಟ್ಟಿಯನ್ನು ಬ್ಲೀಚಿನಲ್ಲಿ ಅದ್ದಿ ಬಣ್ಣ ಮಾಸಿಸುವವರಿದ್ದಾರೆ. ಇದಕ್ಕೆ ಸಂಗ್ರಾಹಕರ ಲೋಕದಲ್ಲಿ ಬೈಗುಳ ಕಡಿಮೆ, ಶಾಭಾಸ್ ಜಾಸ್ತಿ. ಗಿಳಿಹಸಿರು ಡಯಲಿಗೆ ಮೂಗು ಮುರಿದು ಬ್ಲೀಚಿಗೆ ಚಪ್ಪಾಳೆ ತಟ್ಟುವುದು ನ್ಯಾಯವೇ?

ನನ್ನ ಮಟ್ಟಿಗೆ ಗೆರೆ ಎಳೆಯಬೇಕಾದದ್ದು ಹೊಸತು ಹಳತಿನ ನಡುವೆ ಅಲ್ಲವೇ ಅಲ್ಲ. ವಾಚಿಗೆ ಏನು ಮಾಡಿದ್ದೇವೆಂದು ಮುಂದಿನವರಿಗೆ ಹೇಳುತ್ತೇವೆಯೇ ಇಲ್ಲವೇ ಎಂಬಲ್ಲಿ. ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ಸಾಲು ಬದಲಿಸಿದರೂ ಯಾರು, ಯಾವಾಗ, ಏಕೆ ಎಂದು ದಾಖಲಾಗುತ್ತದೆ. ಅದೇ ಅಭ್ಯಾಸವನ್ನು ನಾನು ವಾಚಿನ ಮೇಜಿಗೂ ತಂದಿದ್ದೇನೆ. ಪ್ರತಿ ವಾಚಿನ ಡಬ್ಬಿಯಲ್ಲಿ ಒಂದು ಚೀಟಿ: ಗಾಜು ಹೊಸದು, ಕೀ ಹೊಸದು, ಡಯಲ್ ಮುಟ್ಟಿಲ್ಲ, ಮೇನ್ ಸ್ಪ್ರಿಂಗ್ ಬದಲಾಗಿದೆ, ಕೆಳಗೆ ತಾರೀಕು. ಹೊಸದಾಗಿ ಕಟ್ಟಿದ ವಾಚಿನ ಡಯಲಿನ ಮೇಲೆ ಯಾವ ಕಂಪನಿಯ ಹೆಸರೂ ಇರುವುದಿಲ್ಲ, ಖಾಲಿ. ಮಾದರಿ ಅನುಕರಿಸುವುದು ಬೇರೆ, ಇನ್ನೊಬ್ಬರ ಸಹಿ ಹಾಕುವುದು ಬೇರೆ. ನಮ್ಮ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಪ್ರಕಾರ ಸುಳ್ಳು ಗುರುತು ಹಾಕುವುದು ಜೈಲುಶಿಕ್ಷೆಯ ಅಪರಾಧ. ಟಾರ್ಟ್ಸನ ಕಾಲದಿಂದ ಮನುಷ್ಯ ಕಲಿತದ್ದು ಅಷ್ಟಾದರೂ ಇದೆ.

ಹಳೆ ಡಯಲ್ ಕೆರೆಯುವ ಉಮೇದಿನವರಿಗೆ ಒಂದು ಎಚ್ಚರಿಕೆಯೂ ಬೇಕು. 20ನೆಯ ಶತಮಾನದ ಮೊದಲ ದಶಕಗಳಿಂದ ಕತ್ತಲಲ್ಲಿ ಹೊಳೆಯುವ ಅನೇಕ ಡಯಲುಗಳಿಗೆ ರೇಡಿಯಂ ಬಣ್ಣ ಹಚ್ಚುತ್ತಿದ್ದರು. ಅಮೆರಿಕದ ಕಾರ್ಖಾನೆಗಳಲ್ಲಿ ಆ ಬಣ್ಣದ ಕುಂಚವನ್ನು ತುಟಿಯಲ್ಲಿ ಚೂಪು ಮಾಡುತ್ತಿದ್ದ ಹೆಣ್ಣುಮಕ್ಕಳು ದವಡೆ ಕೊಳೆತು, ಮೂಳೆ ಸವೆದು ಸತ್ತರು. ಹೊಳಪು ಆರಿದ್ದರೂ ರೇಡಿಯಂ ಆರಿರುವುದಿಲ್ಲ. ಅಂಥ ಡಯಲ್ ಕೆರೆದರೆ ಏಳುವ ಪುಡಿ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಮುಟ್ಟದೆ ಬಿಡುವುದೇ ಕ್ಷೇಮ.

ಇಷ್ಟೆಲ್ಲ ಹೇಳಲು ಕಾರಣ ಎಚ್‌ಎಂಟಿ. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಸಮಿತಿ ಒಪ್ಪಿಗೆ ಕೊಟ್ಟಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು. ಕಾರ್ಖಾನೆ ನಿಂತಿತೆಂಬ ಸುದ್ದಿಯೇ ಹಳೆ ವಾಚುಗಳ ಬೇಡಿಕೆ ಏರಿಸಿತು. ಬೇಡಿಕೆ ಏರಿದ ಹಾಗೆ ಮರುಬಣ್ಣದ ‘ಪೈಲಟ್’ಗಳೂ ‘ಜನತಾ’ಗಳೂ ಮಾರುಕಟ್ಟೆ ತುಂಬಿದವು. ಒಳಗಿನ ಮಶೀನು ಅಸಲಿ, ಕೇಸು ಅಸಲಿ, ಮುಖ ಮಾತ್ರ ಮೊನ್ನೆಯದು. ಕೊಳ್ಳುವವನಿಗೆ ಯಾರೂ ಅದನ್ನು ಹೇಳುವುದಿಲ್ಲ. ಕಲಾಯಿಯಾಗಿದ್ದದ್ದು ಸುಳ್ಳಾಗಿ ಬದಲಾದದ್ದು ಈ ಮೌನದಲ್ಲಿ.

ಮೌನಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ದೇವನಾಗರಿ ಅಂಕಿಗಳ ಜನತಾ, ಸೈನಿಕರ ಜವಾನ್, ತೆಳ್ಳಗಿನ ಸೋನಾ, ಕಾಂಚನ್, ಕೊಹಿನೂರ್ ಇವುಗಳ ಮುಖದ ಅಕ್ಷರ, ಬಣ್ಣ, ಗೆರೆಗಳು ಆ ಕಾಲದ ಬೆಂಗಳೂರು ಮತ್ತು ತುಮಕೂರಿನ ಕೈಗಳು ಬಿಟ್ಟುಹೋದ ದಾಖಲೆ. ಕೆರೆದ ಡಯಲ್ ಎಂದರೆ ಸುಣ್ಣ ಬಳಿದ ಶಾಸನ. ಓದಲು ಮತ್ತೆ ಸಿಗುವುದಿಲ್ಲ. ಹೊಸ ದಾಖಲೆ ಬರೆಯಲು ಆ ಕಾರ್ಖಾನೆಯೂ ಇಲ್ಲ.

ತಪ್ಪನ್ನು ರಿಪೇರಿಯವರ ತಲೆಗೆ ಕಟ್ಟುವುದು ಸುಲಭ. ಅವರು ಗಿರಾಕಿ ಕೇಳಿದ್ದನ್ನು ಮಾಡಿದರು. ಗಿರಾಕಿ ಕೇಳುವುದು ಬದಲಾದರೆ ಅವರ ಕೈಯೂ ಬದಲಾಗುತ್ತದೆ. ಬೀರುವಿನಲ್ಲಿ ಅಪ್ಪನದೋ ಮಾವನದೋ ಹಳೆ ವಾಚು ಇದ್ದರೆ, ಈ ಸಲ ಊರಿಗೆ ಹೋದಾಗ ಹೊರತೆಗೆಯಿರಿ. ಒಳ್ಳೆಯ ಕೈಯವರನ್ನು ಹುಡುಕಿ, ಮಶೀನು ಸರ್ವಿಸ್ ಮಾಡಿಸಿ, ಗಾಜು ಹಾಕಿಸಿ, ಅವರು ಕೇಳಿದ ಮಜೂರಿಯನ್ನು ಚೌಕಾಸಿಯಿಲ್ಲದೆ ಕೊಡಿ. ಕೊಡುವಾಗ ಒಂದೇ ಮಾತು ಹೇಳಿ: ‘ಡಯಲ್ ಮುಟ್ಟಬೇಡಿ, ಕಲೆ ಇರಲಿ.’