ಮಳೆನೆರಳಿನ ರಾಜಧಾನಿಗೆ ನೀರು ಬಂದ ಬಗೆ

ಜಾಂಬೋಟಿಯ ಕಡೆ ಹುಟ್ಟಿ ಬೆಳೆದವರಿಗೆ ಬರ ಎಂದರೇನು ಎಂಬುದು ಪುಸ್ತಕದಿಂದಲೇ ತಿಳಿಯಬೇಕು. ನಮ್ಮ ಕಣಕುಂಬಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆಯಾಗುತ್ತದೆ. ಬೆಳಗಾವಿ ಮುಟ್ಟುವಷ್ಟರಲ್ಲಿ ಅದು ಅರ್ಧಕ್ಕೂ ಕಡಿಮೆ. ಇನ್ನೂ ಪೂರ್ವಕ್ಕೆ, ವಿಜಯಪುರದಲ್ಲಿ 600 ಮಿ.ಮೀ. ಆಸುಪಾಸು. ಅರಬ್ಬೀ ಸಮುದ್ರದ ಮೋಡ ಸಹ್ಯಾದ್ರಿಯನ್ನು ಏರುವಾಗ ತಣಿದು ಮಳೆ ಸುರಿಸುತ್ತದೆ. ಆಚೆ ಇಳಿಯುವ ಗಾಳಿ ಒಣಗಿರುತ್ತದೆ. 'ಮಳೆನೆರಳಿನ ಪ್ರದೇಶ' ಎಂದು ಇದೇ ಶಾಲೆಯಲ್ಲಿ ಬಾಯಿಪಾಠ ಮಾಡಿದವನು ನಾನು. ಮುಂದೆ ವಿಜಯಪುರ ಜಿಲ್ಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತ ಹಲವು ವರ್ಷ ಆ ನೆರಳಿನಲ್ಲೇ ಕಳೆದೆ. "ಸರ್, ನಿಮ್ಮೂರಾಗ ವಾರಗಟ್ಟಲೆ ಮಳಿ ನಿಲ್ಲೂದಿಲ್ಲಂತ, ಖರೇನ್ರಿ?" ಎಂದು ಮಕ್ಕಳು ಕೇಳುತ್ತಿದ್ದರು.

ಅಲ್ಲಿಯದು ಎರೆಭೂಮಿ. ಹಿಂಗಾರಿ ಬಿಳಿಜೋಳ ಬೆಳೆಯುವುದು ಮಳೆಯಿಂದ ಎನ್ನುವುದಕ್ಕಿಂತ, ಮಣ್ಣು ಹಿಡಿದಿಟ್ಟುಕೊಂಡ ತೇವದಿಂದ. ಡೋಣಿ ನದಿ ಇದೆ, ಆದರೆ ಅದರ ನೀರು ಸವಳು. ಕೃಷ್ಣೆ ದಕ್ಷಿಣಕ್ಕೆ, ಭೀಮೆ ಉತ್ತರಕ್ಕೆ. ಎರಡೂ ರಾಜಧಾನಿಯಿಂದ ದೂರ, ಎರಡೂ ತಗ್ಗಿನಲ್ಲಿ. ಇಂಥ ಕಡೆ ಬಹಮನಿಗಳ ಅಧಿಕಾರಿಯಾಗಿದ್ದ ಯೂಸುಫ್ ಆದಿಲ್ ಖಾನ್ 1489ರ ಸುಮಾರಿಗೆ ಸ್ವತಂತ್ರನಾದ. ಅವನ ವಂಶ 1686ರಲ್ಲಿ ಔರಂಗಜೇಬ ಬರುವವರೆಗೆ ಆಳಿತು.

ನಮ್ಮ ಸೀಮೆಯೂ ಆ ರಾಜ್ಯದೊಳಗೇ ಇತ್ತು. ಬೆಳಗಾವಿ ಕೋಟೆಯ ಸಫಾ ಮಸೀದಿ ಕಟ್ಟಿಸಿದ ಅಸದ್ ಖಾನ್ ಲಾರಿ ಆದಿಲ್‌ಶಾಹಿಗಳ ಸರದಾರ. ಗೋವೆಯನ್ನು ಪೋರ್ಚುಗೀಸರು 1510ರಲ್ಲಿ ಕಸಿದುಕೊಂಡದ್ದು ಇವರಿಂದಲೇ. ಅರಬಸ್ತಾನದ ಕುದುರೆಗಳು ಆ ಬಂದರಿಗೆ ಇಳಿದು, ಸಹ್ಯಾದ್ರಿಯ ಘಾಟಿಗಳನ್ನು ಹತ್ತಿ ಬಯಲಿಗೆ ಹೋಗುತ್ತಿದ್ದವು.

ಇಂಥದೇ ಇನ್ನೊಂದು ನಾಡು ಚೀನಾದ ವಾಯವ್ಯದಲ್ಲಿದೆ, ಹೆಸರು ನಿಂಗ್‌ಷ್ಯಾ. ಚೀನೀ ಮಾತನಾಡುವ ಹುಯಿ ಮುಸ್ಲಿಮರ ಸ್ವಾಯತ್ತ ಪ್ರದೇಶವೆಂದು 1958ರಲ್ಲಿ ಅದನ್ನು ರಚಿಸಲಾಯಿತು. ರಾಜಧಾನಿ ಯಿಂಚುವಾನ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ 200 ಮಿ.ಮೀ. ಅಷ್ಟೇ, ನಮ್ಮಲ್ಲಿ ಆಷಾಢದ ಒಂದೇ ದಿನ ಅಷ್ಟು ಸುರಿದದ್ದುಂಟು. ಆದರೆ ಹಳದಿ ನದಿ ಆ ಬಯಲಿನ ನಡುವೆಯೇ ಹರಿಯುವುದರಿಂದ, ಎರಡು ಸಾವಿರ ವರ್ಷಕ್ಕೂ ಹಿಂದೆ ಕಾಲುವೆ ತೋಡಿ ಅಲ್ಲಿ ಹೊಲಗಳನ್ನು ಹಸಿರು ಮಾಡಿದರು. ನದಿಯಿಂದ ದೂರವಾದ ದಕ್ಷಿಣದ ಗುಡ್ಡಗಾಡು ಮಾತ್ರ ಬಡತನದಲ್ಲೇ ಉಳಿಯಿತು. ಇತ್ತೀಚಿನ ದಶಕಗಳಲ್ಲಿ ಅಲ್ಲಿಯ ಲಕ್ಷಾಂತರ ಜನರನ್ನು ನೀರಿದ್ದ ಕಡೆಗೆ ಸರಕಾರ ಸ್ಥಳಾಂತರಿಸಿದೆ. ವಿಜಯಪುರಕ್ಕೆ ಹಳದಿ ನದಿಯಂಥ ಭಾಗ್ಯ ಇರಲಿಲ್ಲ, ಊರು ಬಿಟ್ಟು ಹೋಗುವ ಮನಸ್ಸೂ ಇರಲಿಲ್ಲ.

ಅವರು ನೆಲದೊಳಗೆ ಇಳಿದರು. ಒಂದನೆಯ ಅಲಿ ಆದಿಲ್‌ಶಾಹನ ಕಾಲದ ಚಾಂದ ಬಾವಡಿ, ಎರಡನೆಯ ಇಬ್ರಾಹಿಮನ ಕಾಲದಲ್ಲಿ 1620ರಲ್ಲಾದ ತಾಜ್ ಬಾವಡಿ ಇಂದಿಗೂ ಇವೆ. ಊರಿನ ಪಶ್ಚಿಮಕ್ಕಿರುವ ತೊರವಿಯಿಂದ ನೆಲದಡಿಯ ಸುರಂಗದಲ್ಲಿ ನೀರು ತಂದರು. ಮುಹಮ್ಮದ್ ಆದಿಲ್‌ಶಾಹ 1651ರಲ್ಲಿ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿ, ಗಾರೆಯೊಳಗೆ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ ನೀರನ್ನು ಪೇಟೆಗೆ ಹರಿಸಿದ. ದಾರಿಯುದ್ದಕ್ಕೂ 'ಗಂಜ್' ಎಂಬ ಗೋಪುರಗಳು. ಕೊಳವೆಯ ನೀರು ಅದರೊಳಗೆ ಮೇಲೇರಿ ಮತ್ತೆ ಇಳಿಯುತ್ತದೆ. ಅದರಿಂದ ಒತ್ತಡ ತಗ್ಗಿ ಕೊಳವೆ ಒಡೆಯುವುದಿಲ್ಲ, ಹೂಳೂ ತಳದಲ್ಲಿ ನಿಲ್ಲುತ್ತದೆ. ಪ್ರವಾಸಕ್ಕೆ ಹೋದ ಮಕ್ಕಳು ಗೋಲ ಗುಮ್ಮಟದಲ್ಲಿ ಕೂಗು ಹಾಕಿ ಪ್ರತಿಧ್ವನಿ ಎಣಿಸಿ ಬರುತ್ತಾರೆ. ನನ್ನನ್ನು ಕೇಳಿದರೆ, ಈ ಮಸುಕು ಗೋಪುರಗಳು ಅದಕ್ಕಿಂತ ದೊಡ್ಡ ಕೆಲಸ.

ಬಾವಡಿ ತೋಡಿಸಿದ ಇಬ್ರಾಹಿಮನನ್ನು ಜನ 'ಜಗದ್ಗುರು' ಎಂದರು. ಸಂಗೀತದ ಹುಚ್ಚಿನ ಆ ಸುಲ್ತಾನ ತನ್ನ 'ಕಿತಾಬ್-ಎ-ನವರಸ್'ನಲ್ಲಿ ಸರಸ್ವತಿಯನ್ನು ಸ್ತುತಿಸಿದ್ದಾನೆ. ದೂರದಿಂದ ಬಂದ ಮನೆತನವೊಂದು ನಾಲ್ಕೈದು ತಲೆಮಾರಿನಲ್ಲಿ ಈ ಮಣ್ಣಿನದೇ ಆಗಿಬಿಟ್ಟಿತ್ತು.

ರಾಜ್ಯ ಬಿದ್ದ ಮೇಲೆ ಕೊಳವೆಗಳನ್ನು ಕೇಳುವವರಿಲ್ಲದಾಯಿತು. 1876-78ರ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ, ಎಂದರೆ ಇಂದಿನ ವಿಜಯಪುರ-ಬಾಗಲಕೋಟೆಯ ಸೀಮೆ, ತತ್ತರಿಸಿತು. 1872ರ ಜನಗಣತಿಗೆ ಹೋಲಿಸಿದರೆ 1881ರಲ್ಲಿ ಜನಸಂಖ್ಯೆ ಐದರಲ್ಲೊಂದು ಪಾಲಿನಷ್ಟು ಇಳಿದಿತ್ತು. ಸತ್ತವರು ಎಷ್ಟೋ, ಗುಳೆ ಹೋದವರು ಎಷ್ಟೋ. ಗುಳೆ ಎಂಬ ಮಾತು ಅಲ್ಲಿ ಇಂದಿಗೂ ಹಳೆಯದಾಗಿಲ್ಲ. ಆದರೂ ಈಗ ಬಾವಡಿಗಳ ಹೂಳು ತೆಗೆದಿದ್ದಾರೆ, ಆಲಮಟ್ಟಿಯ ನೀರನ್ನು ಮೇಲೆತ್ತಿ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಆದಿಲ್‌ಶಾಹಿಗಳಿಗೆ ಎಟುಕದ ಕೃಷ್ಣೆ ವಿದ್ಯುತ್ತಿನ ಪಂಪಿಗೆ ಎಟುಕಿದೆ.

ಇದನ್ನೆಲ್ಲ ಜಾಂಬೋಟಿಯ ಸಂಚಿಕೆಯಲ್ಲಿ ಬರೆಯಲು ಕಾರಣವಿದೆ. ಕಳಸಾ-ಬಂಡೂರಿ ಎಂದೊಡನೆ ನಮ್ಮಲ್ಲಿ ಎರಡು ಮಾತು ಏಳುತ್ತವೆ. 2018ರ ಮಹದಾಯಿ ನ್ಯಾಯಮಂಡಳಿಯ ತೀರ್ಪಿನಲ್ಲಿ ಈ ಎರಡು ಹಳ್ಳಗಳಿಂದ ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು 3.9 ಟಿಎಂಸಿ. ನಮ್ಮ ಕಾಡು, ನಮ್ಮ ಹಳ್ಳ ಎಂದು ಇಲ್ಲಿಯವರು ಅಳುಕುವುದು ತಪ್ಪಲ್ಲ. ಕಾಡು ಹೋದರೆ ಹಳ್ಳವೂ ಹೋಗುತ್ತದೆ. ಕುಡಿಯುವ ನೀರಿಗೆಂದು ನರಗುಂದ, ನವಲಗುಂದದವರು ವರ್ಷಗಟ್ಟಲೆ ಧರಣಿ ಕೂತದ್ದೂ ಸುಳ್ಳಲ್ಲ. ಮಾತನಾಡುವ ಮೊದಲು ನಮ್ಮ ಮಕ್ಕಳು ಒಂದು ಬೇಸಿಗೆಯಾದರೂ ಆ ಸೀಮೆಯನ್ನು ನೋಡಿ ಬರಲಿ ಎಂಬುದು ನನ್ನ ಆಸೆ.

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ನವಿಲುತೀರ್ಥದ ಅಣೆಕಟ್ಟೆಯಲ್ಲಿ ನಿಲ್ಲುತ್ತದೆ. ಅದು ತುಂಬಿ ಬಿಟ್ಟ ವರ್ಷ ಉಳಿದ ನೀರು ಬಾದಾಮಿ ಸೀಮೆ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರಿ, ನಾರಾಯಣಪುರದ ಜಲಾಶಯಕ್ಕೆ ಹೋಗುತ್ತದೆ. ಅಲ್ಲಿಂದ ಹೊರಡುವ ಕಾಲುವೆಗಳಲ್ಲಿ ಒಂದಕ್ಕೆ ಇಂಡಿ ಶಾಖಾ ಕಾಲುವೆ ಎಂದು ಹೆಸರು. ಇಂಡಿ ಇರುವುದು ವಿಜಯಪುರ ಜಿಲ್ಲೆಯಲ್ಲಿ.