ಪದ್ಯಕ್ಕೆ ಮೊದಲೇ ಬಂದ ಶಾಪ: 1857ರ ಟೆನಿಸನ್ ಸಂಪುಟದಲ್ಲಿ ಚಿತ್ರವೆಂಬ ವ್ಯಾಖ್ಯಾನ

ಎಡ್ವರ್ಡ್ ಮಾಕ್ಸನ್ 1857ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಟೆನಿಸನ್ನನ ಸಚಿತ್ರ ಕವನಸಂಪುಟದಲ್ಲಿ 54 ಚಿತ್ರಗಳಿವೆ. ಅವುಗಳಲ್ಲಿ 30 ಪ್ರಿ-ರಾಫೆಲೈಟ್ ಚಿತ್ರಕಾರರ ಬಳಗದ ಮೂವರು ತರುಣರವು: ಮಿಲೇ 18, ಹೋಲ್ಮನ್ ಹಂಟ್ 7, ರೊಸೆಟ್ಟಿ 5. ಉಳಿದವನ್ನು ಬರೆದ ಮಲ್ರೆಡಿ, ಕ್ರೆಸ್ವಿಕ್ ಮುಂತಾದ ಹಿರಿಯರು ಬಹುಮಟ್ಟಿಗೆ ಕವಿಯ ಮಾತನ್ನು ಅನುಸರಿಸಿದರು. ಹಂಟ್ ಮತ್ತು ರೊಸೆಟ್ಟಿ ಕವಿತೆಗೆ ವ್ಯಾಖ್ಯಾನ ಬರೆದರು. ಆ ವ್ಯಾಖ್ಯಾನದ ಬಲ ರೇಖೆಯಲ್ಲಿ ಎಷ್ಟಿದೆಯೋ ಪುಟದಲ್ಲಿ ಚಿತ್ರ ಕುಳಿತ ಜಾಗದಲ್ಲೂ ಅಷ್ಟೇ ಇದೆ ಎಂಬುದು ನನ್ನ ವಾದ.

'ದಿ ಲೇಡಿ ಆಫ್ ಶಾಲಟ್' ಕವಿತೆಯ ನಾಯಕಿ ಗೋಪುರದಲ್ಲಿ ಕುಳಿತು, ಕನ್ನಡಿಯಲ್ಲಿ ಕಂಡ ಲೋಕವನ್ನು ನೇಯುವವಳು. ವೀರ ಲಾನ್ಸ್‌ಲಾಟನನ್ನು ಕಾಣಲು ಕಿಟಕಿಯತ್ತ ನಡೆದಾಗ ಅವಳ ಮೇಲಿದ್ದ ಶಾಪ ಎರಗಿ ಕನ್ನಡಿ ಬಿರಿಯುತ್ತದೆ, ನೇಯ್ಗೆ ಹಾರಿಹೋಗುತ್ತದೆ. ಹಂಟನ ಚಿತ್ರದಲ್ಲಾದರೋ ನೂಲು ಅವಳ ಮೈಯನ್ನೇ ಸುತ್ತಿ ಬಿಗಿದಿದೆ. ಕೂದಲು ಬಿರುಗಾಳಿಗೆ ಸಿಕ್ಕಂತೆ ತಲೆಯ ಮೇಲೆ ಹರಡಿ ನಿಂತಿದೆ. ಟೆನಿಸನ್ ಇದನ್ನು ಒಪ್ಪಲಿಲ್ಲ. ಕವಿ ಹೇಳದ್ದನ್ನು ಚಿತ್ರಕಾರ ಸೇರಿಸಬಾರದೆಂಬುದು ಅವನ ನಿಲುವು. ನೀವು ಹಲವು ಪುಟಗಳಲ್ಲಿ ಮೂಡಿಸಿದ ವಿಧಿಯ ಭೀತಿಯನ್ನು ನಾನು ಅರ್ಧ ಪುಟದಲ್ಲಿ ತರಬೇಕಿತ್ತು ಎಂಬರ್ಥದ ಉತ್ತರ ಕೊಟ್ಟದ್ದಾಗಿ ಹಂಟ್ 1905ರ ತನ್ನ ನೆನಪುಗಳಲ್ಲಿ ದಾಖಲಿಸಿದ್ದಾನೆ. ಹಂಟನ ಮಾತೇ ನನಗೆ ಸರಿಯೆನಿಸುತ್ತದೆ. ಕವಿತೆಯಲ್ಲಿ ಶಾಪ ಹೊರಗಿನಿಂದ ಎರಗುತ್ತದೆ. ಚಿತ್ರದಲ್ಲಿ ಅವಳ ಕಸುಬೇ ಅವಳನ್ನು ಕಟ್ಟಿಹಾಕುತ್ತದೆ. ಇದು ಅಲಂಕಾರವಲ್ಲ, ಹೊಸ ಅರ್ಥ.

ಈ ಚಿತ್ರವಿರುವುದು ಕವಿತೆಯ ತಲೆಯ ಮೇಲೆ. ಹೊಲ, ಹೊಳೆ, ದಾರಿಗಳ ಶಾಂತ ವರ್ಣನೆಯನ್ನು ಓದುವ ಮೊದಲೇ ಓದುಗ ಅನಾಹುತವನ್ನು ಕಂಡಿರುತ್ತಾನೆ. ಆಮೇಲೆ ಆ ಶಾಂತಿಯನ್ನು ಅವನು ನಂಬಲಾರ.

ಕೊನೆಯಲ್ಲಿರುವುದು ರೊಸೆಟ್ಟಿಯ ಚಿತ್ರ: ಶಾಪಕ್ಕೆ ಬಲಿಯಾದ ನಾಯಕಿಯ ಶವದ ಮುಖವನ್ನು ಲಾನ್ಸ್‌ಲಾಟ್ ಬಾಗಿ ನೋಡುತ್ತಿದ್ದಾನೆ. 1832ರ ಮೊದಲ ಪಾಠದ ಮುಕ್ತಾಯದಲ್ಲಿ ಲಾನ್ಸ್‌ಲಾಟನೇ ಇಲ್ಲ. ಅವನನ್ನು ಅಲ್ಲಿಗೆ ತಂದದ್ದು 1842ರ ಪರಿಷ್ಕರಣೆ. ಕವಿ ತಡವಾಗಿ ಸೇರಿಸಿದ ಆ ನೋಟವನ್ನೇ ರೊಸೆಟ್ಟಿ ಕವಿತೆಯ ಕೊನೆಯ ಮಾತಾಗಿಸಿದ. ಆದರೆ ಪುಟದಲ್ಲಿ ಕಾಣುವ ರೇಖೆ ಪೂರ್ತಿ ಅವನದಲ್ಲ: ಮರದ ಅಚ್ಚು ಕೆತ್ತಿದ ಡಾಲ್ಝಿಯಲ್ ಸಹೋದರರ ಬಗ್ಗೆ ಅವನಿಗೆ ಅಸಮಾಧಾನವಿತ್ತು. ಅಚ್ಚಿನ ಮೇಲೆ ನೇರವಾಗಿ ಬರೆದ ರೇಖೆ ಕೆತ್ತನೆಯಲ್ಲೇ ಅಳಿಯುತ್ತಿದ್ದುದರಿಂದ, ಹೋಲಿಸಿ ನೋಡಲು ಮೂಲವೂ ಉಳಿಯುತ್ತಿರಲಿಲ್ಲ.

ಮೂವತ್ತೊಂದೂವರೆ ಶಿಲಿಂಗ್ ಬೆಲೆಯ ಪುಸ್ತಕ ಮಾಕ್ಸನ್ ನಿರೀಕ್ಷಿಸಿದಂತೆ ಮಾರಾಟವಾಗಲಿಲ್ಲ. ಇಂದು ಕಾವ್ಯಸಂಕಲನಗಳು ಚಿತ್ರಗಳನ್ನು ಕೈಬಿಡುತ್ತವೆ, ಕಲಾಗ್ರಂಥಗಳು ಪದ್ಯವನ್ನು. ಈ ಕವಿತೆಯನ್ನು ಪಾಠ ಮಾಡುವವರು ಒಮ್ಮೆಯಾದರೂ 1857ರ ಪುಟಗಳನ್ನೇ ವಿದ್ಯಾರ್ಥಿಗಳ ಮುಂದಿಡಬೇಕು.