ಅಂಗಡಿ ಹಾಳೆ, ಮನೆ ಲಸಾನ್ಯ

ಹೋದ ತಿಂಗಳು ಒಂದು ಭಾನುವಾರ ಟೀಮಿನ ನಾಲ್ಕು ಜನ ಊಟಕ್ಕೆ ಬಂದಿದ್ದರು. ಲಸಾನ್ಯ ಮಾಡಿದ್ದೆ. ಹಾಳೆ ಪ್ಯಾಕೆಟಿನದು, ಟೊಮೆಟೊ ಸಾಸ್ ಬಾಟಲಿಯದು, ಚೀಸ್ ತುರಿದೇ ಬಂದದ್ದು. ನಾನು ಮಾಡಿದ್ದು ಅಂದರೆ ಪಾಲಕ್ ಬಾಡಿಸಿದ್ದು, ಬಿಳಿ ಸಾಸ್ ಕಾಯಿಸಿದ್ದು, ಪದರ ಜೋಡಿಸಿದ್ದು, ಅಷ್ಟೇ. ಎರಡನೇ ಸಲ ಬಡಿಸಿಕೊಳ್ಳುತ್ತಾ ಒಬ್ಬರು ಕೇಳಿದರು: 'ಎಲ್ಲಾ ಅಂಗಡಿಯದೇ ಆದ್ರೆ ಇದನ್ನ ಹೋಮ್‌ಮೇಡ್ ಅನ್ನಬಹುದಾ?' ತಮಾಷೆಗೆ ಕೇಳಿದ್ದು, ಎಲ್ಲರೂ ನಕ್ಕೆವು. ಆದರೆ ಅವರು ಹೋದಮೇಲೆ ತಟ್ಟೆ ತೊಳೆಯುತ್ತಾ ನಿಂತಾಗ ಆ ಪ್ರಶ್ನೆ ಹೋಗಲೇ ಇಲ್ಲ. ಅಸಲಿ ಲಸಾನ್ಯ ಅಂತ ಒಂದಿತ್ತಾ? ಅದನ್ನ ಯಾರು, ಎಲ್ಲಿ, ಯಾವುದರಿಂದ ಮಾಡ್ತಿದ್ದರು?

ಬರಹದಲ್ಲಿ ಸಿಗುವ ಅತಿ ಹಳೆಯ ಲಸಾನ್ಯ ವಿಧಾನಗಳಲ್ಲೊಂದು 'ಲೀಬೆರ್ ದೆ ಕೊಕ್ವಿನಾ' ಎಂಬ ಲ್ಯಾಟಿನ್ ಅಡುಗೆ ಪುಸ್ತಕದಲ್ಲಿದೆ. ಕಾಲ ಸುಮಾರು 1300. ನೇಪಲ್ಸ್‌ನ ರಾಜರ ಅರಮನೆಯ ಜೊತೆ ಅದಕ್ಕೆ ನಂಟು ಹೇಳುತ್ತಾರೆ. ಅದರಲ್ಲಿ ಹೇಳಿರುವುದು ಇಷ್ಟು: ಹುದುಗು ಬಂದ ಹಿಟ್ಟನ್ನು ಎಷ್ಟು ತೆಳ್ಳಗಾಗುತ್ತೋ ಅಷ್ಟು ತೆಳ್ಳಗೆ ಲಟ್ಟಿಸಬೇಕು. ಮೂರು ಬೆರಳಗಲದ ಚೌಕಗಳಾಗಿ ಕತ್ತರಿಸಿ, ಉಪ್ಪು ಹಾಕಿದ ಕುದಿನೀರಲ್ಲಿ ಬೇಯಿಸಬೇಕು. ತಟ್ಟೆಯಲ್ಲಿ ಒಂದು ಪದರ ಲಸಾನ್ಯ, ಅದರ ಮೇಲೆ ತುರಿದ ಚೀಸ್, ಬೇಕಿದ್ದರೆ ಒಳ್ಳೆಯ ಮಸಾಲೆ ಪುಡಿ, ಮತ್ತೆ ಒಂದು ಪದರ. ಹೀಗೆ ತಟ್ಟೆ ತುಂಬುವ ತನಕ. ಆಮೇಲೆ ಚೂಪು ಮರದ ಕಡ್ಡಿಯಿಂದ ಚುಚ್ಚಿ ಚುಚ್ಚಿ ತಿನ್ನಬೇಕು.

ಟೊಮೆಟೊ ಇಲ್ಲ. ಮಾಂಸ ಇಲ್ಲ, ಬಿಳಿ ಸಾಸ್ ಇಲ್ಲ. ಓವನ್ನಿನ ಮಾತೇ ಇಲ್ಲ! ಇವತ್ತು ಯಾವುದಾದರೂ ರೆಸ್ಟೋರೆಂಟಿನಲ್ಲಿ ಇದನ್ನ ಲಸಾನ್ಯ ಅಂತ ತಂದಿಟ್ಟರೆ ನಾವು ಬಿಲ್ ಕೊಡೋ ಮುಂಚೆ ಜಗಳ ಆಡ್ತೀವಿ.

ಆ 'ಒಳ್ಳೆಯ ಮಸಾಲೆ' ಯಾವುದು ಅಂತ ಪುಸ್ತಕ ಬಿಡಿಸಿ ಹೇಳಲ್ಲ. ಆದರೆ ಆ ಕಾಲದ ಯುರೋಪಿನ ಶ್ರೀಮಂತ ಅಡುಗೆಮನೆಯಲ್ಲಿ ಮಸಾಲೆ ಅಂದರೆ ಮೆಣಸು, ಶುಂಠಿ, ದಾಲ್ಚಿನ್ನಿ, ಲವಂಗ. ಒಂದೂ ಅಲ್ಲಿ ಬೆಳೆಯುತ್ತಿರಲಿಲ್ಲ. ಮೆಣಸು ಹೋಗುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯ ಕಡೆಯಿಂದ. 14ನೇ ಶತಮಾನದಲ್ಲಿ ಮಂಗಳೂರಿಗೆ ಬಂದ ಇಬ್ನ್ ಬತೂತ ಅಲ್ಲಿ ಮೆಣಸು, ಶುಂಠಿ ಹೇರಳ ಅಂತ ಬರೆದಿದ್ದಾನೆ. ಅದು ಅರಬ್ಬಿ ಸಮುದ್ರ ದಾಟಿ, ಈಜಿಪ್ಟಿನ ಪೇಟೆಗಳಲ್ಲಿ ಕೈ ಬದಲಾಯಿಸಿ ಇಟಲಿಯ ಬಂದರು ಸೇರಬೇಕು. ಅಂದರೆ ಅರಮನೆಯ ಬಾಣಸಿಗನೂ ಅಂಗಡಿ ಸಾಮಾನಿನಲ್ಲೇ ಅಡುಗೆ ಮಾಡಿದ್ದು. ಅವನ ಅಂಗಡಿ ಸ್ವಲ್ಪ ದೂರ ಇತ್ತು.

ಹಿಟ್ಟನ್ನಾದರೂ ಎಲ್ಲರೂ ಮನೆಯಲ್ಲೇ ಲಟ್ಟಿಸುತ್ತಿದ್ದರಾ ಅಂದರೆ, ಅದೂ ಇಲ್ಲ. 1154ರಲ್ಲಿ ಸಿಸಿಲಿಯ ರಾಜ ಎರಡನೇ ರೋಜರ್‌ಗಾಗಿ ಭೂಗೋಳ ಗ್ರಂಥ ಮುಗಿಸಿದ ಅಲ್ ಇದ್ರಿಸಿ, ಪಲೆರ್ಮೊ ಹತ್ತಿರದ ತ್ರಾಬಿಯಾ ಅನ್ನೋ ಊರಿನ ಬಗ್ಗೆ ಬರೆಯುತ್ತಾನೆ: ಅಲ್ಲಿ ಹರಿಯುವ ನೀರಿದೆ, ಹಿಟ್ಟಿನ ಗಿರಣಿಗಳಿವೆ, 'ಇತ್ರಿಯ' ಎಂಬ ಎಳೆ ಎಳೆಯ ಪಾಸ್ತಾ ರಾಶಿಗಟ್ಟಲೆ ತಯಾರಾಗಿ ಹಡಗು ಹತ್ತಿ ಕಲಾಬ್ರಿಯಾಕ್ಕೂ ಮುಸ್ಲಿಂ, ಕ್ರೈಸ್ತ ನಾಡುಗಳಿಗೂ ಹೋಗುತ್ತೆ. ಅದು ಲಸಾನ್ಯ ಹಾಳೆಯಲ್ಲ, ಶಾವಿಗೆಯ ಅಣ್ಣ. ಆದರೂ ಲೆಕ್ಕ ನೋಡಿ. ಮಾರಾಟದ ಒಣ ಪಾಸ್ತಾದ ಸುದ್ದಿ ಆ ಲ್ಯಾಟಿನ್ ಪುಸ್ತಕಕ್ಕಿಂತ ಸುಮಾರು 150 ವರ್ಷ ಹಳೆಯದು. 1574ರ ಹೊತ್ತಿಗೆ ಜಿನೋವಾದಲ್ಲಿ ಪಾಸ್ತಾ ಮಾಡುವವರದೇ ಸಂಘ, ಅದಕ್ಕೆ ಲಿಖಿತ ನಿಯಮ ಎಲ್ಲಾ ಇತ್ತು.

ಟೊಮೆಟೊ ಬಂದದ್ದು ಅಮೆರಿಕ ಖಂಡದಿಂದ. ಇಟಲಿಯಲ್ಲಿ ಟೊಮೆಟೊ ಸಾಸಿನ ಮೊದಲ ಅಚ್ಚಾದ ವಿಧಾನಗಳಲ್ಲೊಂದು ಕಾಣುವುದು 1690ರ ದಶಕದಲ್ಲಿ, ನೇಪಲ್ಸ್‌ನ ಅಂತೋನಿಯೊ ಲತೀನಿ ಪುಸ್ತಕದಲ್ಲಿ. ಅವನು ಅದನ್ನ ಕರೆದದ್ದು ಸ್ಪ್ಯಾನಿಷ್ ಶೈಲಿಯ ಸಾಸ್ ಅಂತ! ಬಿಳಿ ಸಾಸಿನ ಹೆಸರು ಬೆಶಮೆಲ್, ಫ್ರಾನ್ಸಿನ 14ನೇ ಲೂಯಿಯ ಆಸ್ಥಾನದ ಅಧಿಕಾರಿ ಬೆಶಮೇಲ್‌ನಿಂದ ಬಂದದ್ದು.

ಈ ಎಲ್ಲಾ ವಲಸಿಗರು ಸೇರಿ 'ಅಸಲಿ' ಆದದ್ದು ಬೊಲೊನ್ಯಾ ಊರಿನಲ್ಲಿ. ಮೊಟ್ಟೆ, ಪಾಲಕ್ ಜಾತಿಯ ಸೊಪ್ಪು ಕಲಸಿದ ಹಸಿರು ಹಾಳೆ, ಮಾಂಸದ ರಾಗು, ಬೆಶಮೆಲ್, ಪಾರ್ಮೆಸಾನ್. ಇಟಲಿಯ ಪಾಕಶಾಸ್ತ್ರ ಅಕಾಡೆಮಿಯವರು 2003ರಲ್ಲಿ ಈ ವಿಧಾನವನ್ನ ಬೊಲೊನ್ಯಾದ ವಾಣಿಜ್ಯ ಮಂಡಳಿಯಲ್ಲಿ ಅಧಿಕೃತವಾಗಿ ದಾಖಲಿಸಿದರು. ಮಾಸ್ಟರ್ ಬ್ರಾಂಚಿಗೆ ಕಮಿಟ್ ಮಾಡಿ ಲಾಕ್ ಹಾಕಿದ ಹಾಗೆ. ತಪ್ಪೇನಿಲ್ಲ, ಆದರೆ ಅದರ ಹಿಂದೆ 700 ವರ್ಷದ ವರ್ಷನ್‌ಗಳಿವೆ ಅನ್ನೋದು ನೆನಪಿರಬೇಕು.

ಆ ಊರಿನಲ್ಲಿ ಹಿಟ್ಟು ಲಟ್ಟಿಸುವ ಹೆಂಗಸಿಗೆ 'ಸ್ಫೋಲ್ಯೀನಾ' ಅಂತಾರೆ. ನೂರು ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ, ಉದ್ದನೆಯ ಲಟ್ಟಣಿಗೆ, ದೊಡ್ಡ ಮರದ ಹಲಗೆ. ಹಾಳೆ ತೆಳ್ಳಗಾಗುವ ತನಕ ಭುಜ, ಸೊಂಟ ಎರಡೂ ದುಡೀಬೇಕು. ಅಜ್ಜಿಯ ಕೈರುಚಿ ಅಂತ ನಾವು ಹಾಡಿ ಹೊಗಳೋದರ ಒಳಗೆ ಈ ನೋವೂ ಇದೆ. ಅದಕ್ಕೇ ಇರಬೇಕು, ಈಗ ಬೊಲೊನ್ಯಾದವರೇ ಸ್ಫೋಲ್ಯೀನಾಗಳ ಅಂಗಡಿಯಿಂದ ಹಸಿ ಹಾಳೆ ಕಟ್ಟಿಸಿಕೊಂಡು ಹೋಗ್ತಾರೆ. ಅಲ್ಲಿಂದ ನೂರು ಕಿಲೋಮೀಟರಿನೊಳಗಿರುವ ಪಾರ್ಮಾದಲ್ಲಿ ಬಾರಿಲ್ಲಾ ಕುಟುಂಬ ಬ್ರೆಡ್ಡು, ಪಾಸ್ತಾ ಅಂಗಡಿ ತೆರೆದದ್ದು 1877ರಲ್ಲಿ.

ಇದನ್ನೋದುವಾಗ ನನಗೆ ಊರಿನ ಬೇಸಗೆ ನೆನಪಾಯಿತು. ಅವ್ವ, ದೊಡ್ಡವ್ವ, ಓಣಿಯ ಹೆಂಗಸರು ಸೇರಿ ಮಣೆ ಹಾಕಿಕೊಂಡು ಮಧ್ಯಾಹ್ನವೆಲ್ಲಾ ಶ್ಯಾವಿಗೆ ಹೊಸೆಯುತ್ತಿದ್ದರು. ಕೋಲಿನ ಮೇಲೆ ಒಣಗಲು ಹಾಕುವುದಷ್ಟೇ ಹುಡುಗರ ಕೆಲಸ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಊರಿಗೆ ಶ್ಯಾವಿಗೆ ಮಷೀನ್ ಬಂತು, ಮಣೆ ಅಟ್ಟ ಸೇರಿತು. ಮೊನ್ನೆ ಅವ್ವನಿಗೆ ಫೋನ್ ಮಾಡಿ ಕೇಳಿದೆ: 'ಅವ್ವಾ, ಮಷೀನ್ ಶ್ಯಾವಿಗಿ ಮನೀದು ಅಂತೀಯೇನು?'

'ಮತ್ತ ಯಾರ್ದು? ಮಷೀನ್‌ನಾಂವ ಬಂದು ಬಸದು, ತುಪ್ಪಾ ಬೆಲ್ಲಾ ಹಾಕಿ ಬಡಸ್ತಾನೇನು?' ಅಂದಳು. ಆಮೇಲೆ ದನಿ ಇಳಿಸಿ, 'ಆ ಮಣಿ ಮುಂದ ಕುಂತ ಬೆನ್ನು ಇನ್ನೂ ನೋಯ್ತದ' ಅಂದಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಕೇಳಿದ್ದು ನಾನು ಆ ಮಾತನ್ನ.

ಸರಿ, ಮಾಡುವ ಬಗೆ. ನಾಲ್ಕು ಜನಕ್ಕೆ ಎಂಟೊಂಬತ್ತು ಹಾಳೆ ಸಾಕು. ಪ್ಯಾಕೆಟ್ ಮೇಲೆ 'ಮೊದಲೇ ಬೇಯಿಸಬೇಕಿಲ್ಲ' ಅಂತಿದ್ದರೆ ಒಂದು ಗುಟ್ಟು: ಆ ಒಣ ಹಾಳೆ ಸಾಸಿನ ನೀರನ್ನೇ ಕುಡಿದು ಬೇಯೋದು. ಹಾಗಾಗಿ ಸಾಸ್ ಗಟ್ಟಿ ಇದ್ದರೆ ಹಾಳೆ ರಟ್ಟಾಗುತ್ತೆ. ಖಾಲಿಯಾದ ಸಾಸ್ ಬಾಟಲಿಗೆ ಒಂದು ಕಪ್ ನೀರು ಹಾಕಿ ಕುಲುಕಿ, ಅದನ್ನೂ ಸಾಸಿಗೆ ಸೇರಿಸಿ. 40 ಗ್ರಾಂ ಬೆಣ್ಣೆಯಲ್ಲಿ 40 ಗ್ರಾಂ ಮೈದಾ ಹಸಿವಾಸನೆ ಹೋಗುವಷ್ಟು ಹುರಿದು, ಅರ್ಧ ಲೀಟರ್ ಹಾಲನ್ನ ಸ್ವಲ್ಪ ಸ್ವಲ್ಪವೇ ಬಿಡುತ್ತಾ ತಿರುವಿದರೆ ಬಿಳಿ ಸಾಸ್ ರೆಡಿ. ಎರಡು ಕಟ್ಟು ಪಾಲಕ್ ಬಾಡಿಸಿ, ಹಿಂಡಿ ಇಟ್ಟುಕೊಳ್ಳಿ. ತಟ್ಟೆಯ ತಳಕ್ಕೆ ಮೊದಲು ಕೆಂಪು ಸಾಸ್, ಆಮೇಲೆ ಹಾಳೆ, ಪಾಲಕ್, ಬಿಳಿ ಸಾಸ್, ಚೀಸ್, ಕುಟ್ಟಿದ ಮೆಣಸು. ಮೆಣಸು ಮಾತ್ರ ಕೈಬಿಡಬೇಡಿ, ಈ ತಟ್ಟೆಯಲ್ಲಿ ಹಳೆಯ ಗಿರಾಕಿ ಅದೇ. ಮೇಲಿನ ಹಾಳೆ ಪೂರ್ತಿ ಸಾಸಿನಲ್ಲಿ ಮುಳುಗಿರಲಿ. ಫಾಯಿಲ್ ಮುಚ್ಚಿ 180 ಡಿಗ್ರಿಯಲ್ಲಿ 25 ನಿಮಿಷ, ತೆಗೆದು ಇನ್ನೊಂದು 15 ನಿಮಿಷ. ಹೊರಗೆ ತೆಗೆದ ಕೂಡಲೇ ಚಾಕು ಹಾಕಬೇಡಿ, ಪದರ ಎಲ್ಲಾ ಜಾರಿ ಪಾಯಸ ಆಗುತ್ತೆ. ಕಾಲು ಗಂಟೆ ಕಾಯಿರಿ. ಅಷ್ಟರಲ್ಲಿ ಅಡುಗೆಮನೆ ಕಟ್ಟೆ ಒರೆಸಿಕೊಳ್ಳಬಹುದು.